ಸ್ಟೇರಿಂಗ್ ಹಿಡಿಯುವ ಮುನ್ನ

(ಹಾಲಾಡಿಯಲ್ಲಿ ನಡೆದ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಅಂಕಪಟ್ಟಿ ಹಿಡಿದು ಬಂದ ಮಕ್ಕಳನ್ನು ಕಂಡು ನಮಗೆಲ್ಲ ಸಂತೋಷವಾಗಿದೆ. ಆದರೆ ಪಾಠ ಹೇಳಿ ಬಂದ ನಮ್ಮಂಥವರ ಕಣ್ಣು ಇಲ್ಲಿಗೆ ಬಾರದ ಮಕ್ಕಳನ್ನೂ ಹುಡುಕುತ್ತದೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಹುಡುಗರಲ್ಲಿ ಕೆಲವರು ಲಾರಿಗೆ ಕ್ಲೀನರ್ ಆಗಿ ಹೋಗುತ್ತಾರೆ. ಆ ಕೆಲಸ ಕೀಳೆಂದು ನಾವು ಹೇಳುವುದಿಲ್ಲ. ಶಂಕರನಾರಾಯಣ, ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುವ ಲಾರಿಗಳಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಕ್ಲೀನರ್ ಸೀಟಿನಿಂದ ಡ್ರೈವರ್ ಸೀಟಿಗೆ ಹುಡುಗ ಯಾವ ದಾರಿಯಲ್ಲಿ ಬರುತ್ತಾನೆ ಎಂಬುದಷ್ಟೇ ನಮ್ಮ ಚಿಂತೆ.

1988ರ ಮೋಟಾರು ವಾಹನ ಕಾಯ್ದೆ ಆ ದಾರಿಯನ್ನು ಸ್ಪಷ್ಟವಾಗಿ ಹೇಳಿದೆ. 18 ತುಂಬಿದ ಮೇಲೆ ಕಾರಿನಂಥ ಲಘು ವಾಹನಕ್ಕೆ ಎಲ್‌ಎಲ್‌ಆರ್ ಮಾಡಿಸಬೇಕು. 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು. ಆ ಲೈಸೆನ್ಸ್ ಪಡೆದು ಒಂದು ವರ್ಷವಾದ ಮೇಲೆಯೇ ಲಾರಿಯ ಎಲ್‌ಎಲ್‌ಆರ್. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಡ್ರೈವಿಂಗ್ ಸ್ಕೂಲಿನ ಫಾರಂ 5, ವೈದ್ಯರು ಕೊಡುವ ಫಾರಂ 1ಎ ಬೇಕು. ಸಾರಿಗೆ ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಅದನ್ನೇ ನಂಬಿ ಹತ್ತು ಚಕ್ರದ ಲಾರಿ ಹತ್ತುವಂತಿಲ್ಲ. ಅದಕ್ಕೆ ಹೆವಿ ಲೈಸೆನ್ಸೇ ಬೇಕು.

"ಸರ್, ಗಾಡಿ ಓಡಿಸಲು ಬರುತ್ತದಲ್ಲ, ಕಾಗದ ಆಮೇಲೆ ನೋಡುವ" ಎನ್ನುವ ಹುಡುಗರಿದ್ದಾರೆ. ತಕ್ಕ ಲೈಸೆನ್ಸ್ ಇಲ್ಲದೆ ಅಪಘಾತವಾದರೆ, ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಾಲಯ ಆದೇಶಿಸಬಹುದು. ನಮ್ಮಲ್ಲಿ ಮಾಲೀಕನೆಂದರೆ ಸಾಲ ಮಾಡಿ ಒಂದು ಲಾರಿ ತೆಗೆದ ಮಾವನೋ ಅಣ್ಣನೋ ಆಗಿರುತ್ತಾನೆ. ಮನೆಯೇ ಮುಳುಗೀತು. 18 ತುಂಬದ ಮಗ ಗಾಡಿ ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯಂತೆ ಪೋಷಕರಿಗೂ ಮಾಲೀಕರಿಗೂ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಇಲ್ಲ.

ಇನ್ನು ಓದಿನ ಮಾತು. ಸಾರಿಗೆ ಲೈಸೆನ್ಸಿಗೆ 8ನೇ ತರಗತಿ ಓದಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಹಾಗಾದರೆ ಓದು ಯಾಕೆ ಎನ್ನಬೇಡಿ. ಮಂಗಳೂರಿನಿಂದ ಹೊರಡುವ ಗ್ಯಾಸ್ ಟ್ಯಾಂಕರಿನಂಥ ಅಪಾಯಕಾರಿ ಸರಕಿನ ವಾಹನ ಓಡಿಸುವವನಿಗೆ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು. 3 ದಿನದ ತರಬೇತಿಯ ಪ್ರಮಾಣಪತ್ರವೂ ಬೇಕು. ಟ್ಯಾಂಕರಿನ ಮೇಲಿನ ಎಚ್ಚರಿಕೆಯನ್ನು ಓದಲಾಗದವನ ಕೈಗೆ ಅದನ್ನು ಕೊಡುವುದು ಹೇಗೆ?

ತಂದೆತಾಯಂದಿರೇ, 18ರಿಂದ 20ರವರೆಗಿನ ಎರಡು ವರ್ಷವನ್ನು ಕಾಯುವ ಕಾಲವೆಂದು ಕಳೆಯಬೇಡಿ. ಮಗ ಪಿಯುಸಿಯನ್ನೋ ಐಟಿಐಯನ್ನೋ ಮುಗಿಸಲಿ, ಜೊತೆಗೆ ಲಘು ವಾಹನದ ಲೈಸೆನ್ಸ್ ಮಾಡಿಸಲಿ. ದಾನಿಗಳಲ್ಲಿ ನಮ್ಮದೊಂದು ವಿನಂತಿ: ಕಾಲೇಜಿನ ಶುಲ್ಕದಂತೆ ಡ್ರೈವಿಂಗ್ ಸ್ಕೂಲಿನ ಶುಲ್ಕವನ್ನೂ ವಿದ್ಯಾರ್ಥಿವೇತನದಲ್ಲಿ ಸೇರಿಸುವ ಬಗ್ಗೆ ಯೋಚಿಸಿ. ಅದೂ ವಿದ್ಯೆಯೇ. ಆ ವಿದ್ಯೆಯಿಂದ ಉಳಿಯುವುದು ನಮ್ಮ ಹುಡುಗನ ಜೀವ, ಎದುರಿನಿಂದ ಬರುವವರ ಜೀವವೂ ಹೌದು.

ಅಲ್ಲಾಹನು ನಮ್ಮ ಮಕ್ಕಳನ್ನು ದಾರಿಯುದ್ದಕ್ಕೂ ಕಾಯಲಿ.