ಕನ್ನ ಹಾಕೋರಲ್ಲಿ ಒಳ್ಳೆಯವರೂ ಇರ್ತಾರಾ?

ಇವತ್ತಿನ ಸಂಚಿಕೆಯನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ನಾನು ಬಿ.ಕಾಂ ಕೊನೇ ವರ್ಷದಲ್ಲಿದ್ದಾಗ ಒಂದು ಕೋಚಿಂಗ್ ಸೆಂಟರ್‌ಗೆ ಹೋಗ್ತಿದ್ದೆ. ಹೆಸರು ಬೇಡ ಬಿಡಿ. ಫೀಸ್ ಕಟ್ಟಿದ ಮೇಲೆ ರಸೀದಿಯ ಲಿಂಕ್ ಮೊಬೈಲ್‌ಗೆ ಬರ್ತಿತ್ತು. ಲಿಂಕಿನ ಕೊನೆಯಲ್ಲಿ ಒಂದು ನಂಬರ್. ಬಸ್ಸಲ್ಲಿ ಕೂತು ಬೇಜಾರಾಗಿ ಆ ನಂಬರಿನ ಕೊನೇ ಅಂಕಿ ಬದಲಾಯಿಸಿದೆ. ಬೇರೆ ಯಾರದೋ ರಸೀದಿ ತೆರೆದುಕೊಳ್ತು. ಹೆಸರು, ಅಪ್ಪನ ಹೆಸರು, ಫೋನ್ ನಂಬರ್, ಮನೆ ವಿಳಾಸ, ಎಷ್ಟು ಬಾಕಿ ಇದೆ, ಎಲ್ಲಾ ಕಾಣ್ತಿತ್ತು. ಪಾಸ್‌ವರ್ಡ್ ಕೇಳಲೇ ಇಲ್ಲ. ನನಗೆ ಕೋಡಿಂಗ್ ಬರಲ್ಲ, ಬರೋದು ಡೆಬಿಟ್ಟು ಕ್ರೆಡಿಟ್ಟು ಮಾತ್ರ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಒಟ್ಟು ಮೂವತ್ತು ರಸೀದಿ ನೋಡಿದೆ. ಯಾರಿಗೆ ಎಷ್ಟು ಡಿಸ್ಕೌಂಟ್ ಕೊಟ್ಟಿದ್ದಾರೆ ಅಂತೆಲ್ಲಾ ಗೊತ್ತಾಯ್ತು. ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯನದು ಮೂರು ಕಂತು ಬಾಕಿ ಇದೆ ಅಂತಲೂ ಗೊತ್ತಾಯ್ತು. ಕ್ಲಾಸ್ ಮುಗಿದ ಮೇಲೆ ಟೀಗೆ ಕರೆದರೆ ಅವನು ಏನಾದ್ರೂ ನೆಪ ಹೇಳಿ ಹೊರಟುಬಿಡ್ತಿದ್ದ. ಯಾಕೆ ಅಂತ ಅವತ್ತು ತಿಳೀತು.

ಮರುದಿನ ಆಫೀಸಿಗೆ ಹೋಗಿ, 'ಸರ್, ನಿಮ್ಮ ವೆಬ್‌ಸೈಟಲ್ಲಿ ಹಿಂಗಾಗ್ತಿದೆ' ಅಂದೆ. ಮ್ಯಾನೇಜರ್ ಕೇಳಿದ್ದು ಒಂದೇ ಮಾತು: 'ಹ್ಯಾಕ್ ಮಾಡಿದ್ಯಾ? ಪೊಲೀಸ್ ಕಂಪ್ಲೇಂಟ್ ಕೊಡ್ಲಾ?' ನಾನು ಬಾಯಿ ಮುಚ್ಚಿಕೊಂಡು ಬಂದೆ. ಕೋರ್ಸ್ ಮುಗಿಯೋವರೆಗೂ ಆ ಲಿಂಕ್ ಹಾಗೇ ತೆರೀತಿತ್ತು.

ನಾನು ಮಾಡಿದ್ದು ಹ್ಯಾಕಿಂಗಾ? ತಪ್ಪಾ? ಒಳ್ಳೇ ಕೆಲಸಾನಾ? ಈ ಪ್ರಶ್ನೆ ಆಗಿನಿಂದಲೂ ತಲೆಯಲ್ಲಿದೆ. ನಮ್ಮ ಪತ್ರಿಕೆಗಳಲ್ಲಿ ಹ್ಯಾಕಿಂಗ್ ಸುದ್ದಿ ಬಂದರೆ 'ಬ್ಯಾಂಕ್ ಖಾತೆಗೆ ಕನ್ನ' ಅಂತಲೇ ಹೆಡ್ಡಿಂಗ್. ಕನ್ನ ಅಂದರೆ ಕಳ್ಳ ಗೋಡೆಗೆ ಕೊರೆಯೋ ತೂತು. ಆ ಪದ ಬಳಸಿದ ತಕ್ಷಣ ತೀರ್ಪೂ ಬಂದುಬಿಡುತ್ತೆ. ಆದರೆ ಗೋಡೆಯಲ್ಲಿ ತೂತು ಮೊದಲೇ ಇದ್ದರೆ? ಅದನ್ನ ನೋಡಿದವನನ್ನ ಏನಂತ ಕರೆಯೋದು?

ಇಲ್ಲಿ ಒಬ್ಬ ಹುಡುಗನ ಕಥೆ ಹೇಳಲೇಬೇಕು. ಹೆಸರು ಮಾರ್ಕಸ್ ಹಚಿನ್ಸ್, ಇಂಗ್ಲೆಂಡಿನ ಡೆವನ್ ಕಡೆಯವನು. 2017ರ ಮೇ 12ರಂದು ವಾನಾಕ್ರೈ ಅನ್ನೋ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿತು. ಕಂಪ್ಯೂಟರಿನ ಫೈಲುಗಳನ್ನೆಲ್ಲ ಲಾಕ್ ಮಾಡಿ, ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೊಟ್ಟರೆ ಬಿಡ್ತೀನಿ ಅನ್ನೋ ವೈರಸ್ ಅದು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ತಗುಲಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ಅಪಾಯಿಂಟ್‌ಮೆಂಟ್‌ಗಳು, ಆಪರೇಷನ್‌ಗಳು ರದ್ದಾದವು. ಕೆಲವು ಕಡೆ ಆಂಬುಲೆನ್ಸ್‌ಗಳನ್ನ ಬೇರೆ ಆಸ್ಪತ್ರೆಗೆ ಕಳಿಸಬೇಕಾಯ್ತು.

ಆಗ ಹಚಿನ್ಸ್‌ಗೆ 22 ವರ್ಷ. ರಜೆಯಲ್ಲಿದ್ದ. ಆ ವೈರಸ್ಸಿನ ಕೋಡ್ ಬಿಚ್ಚಿ ನೋಡಿದಾಗ, ಅದು ಅರ್ಥವಿಲ್ಲದ ಉದ್ದನೆಯ ವೆಬ್ ವಿಳಾಸವೊಂದನ್ನ ಹುಡುಕುತ್ತಿರೋದು ಕಾಣಿಸಿತು. ಆ ವಿಳಾಸ ಯಾರ ಹೆಸರಲ್ಲೂ ಇರಲಿಲ್ಲ. ಇವನು 11 ಡಾಲರಿಗೂ ಕಮ್ಮಿ ದುಡ್ಡಲ್ಲಿ ಅದನ್ನ ತನ್ನ ಹೆಸರಿಗೆ ರಿಜಿಸ್ಟರ್ ಮಾಡಿದ. ಆ ವಿಳಾಸ ಜೀವಂತವಾಗಿದೆ ಅಂತ ಗೊತ್ತಾದ ಕಡೆಯೆಲ್ಲ ವೈರಸ್ ಕೆಲಸ ಶುರು ಮಾಡದೆ ನಿಂತುಬಿಡ್ತಿತ್ತು. ಹೀಗಾಗುತ್ತೆ ಅಂತ ರಿಜಿಸ್ಟರ್ ಮಾಡುವಾಗ ಅವನಿಗೂ ಗೊತ್ತಿರಲಿಲ್ಲ. ಪತ್ರಿಕೆಗಳೆಲ್ಲ ಹೀರೋ ಅಂದವು.

ಮೂರು ತಿಂಗಳೂ ಆಗಿರಲಿಲ್ಲ. ಆಗಸ್ಟ್‌ನಲ್ಲಿ ಹ್ಯಾಕರ್‌ಗಳ ಸಮ್ಮೇಳನ ಡೆಫ್‌ಕಾನ್‌ಗೆ ಅಂತ ಲಾಸ್ ವೇಗಸ್‌ಗೆ ಹೋದವನನ್ನ ಎಫ್‌ಬಿಐ ಹಿಡೀತು. ವಾನಾಕ್ರೈ ವಿಷಯಕ್ಕಲ್ಲ. ಕೆಲವು ವರ್ಷಗಳ ಹಿಂದೆ ಅವನು 'ಕ್ರೋನೋಸ್' ಅನ್ನೋ ಮಾಲ್‌ವೇರ್ ಬರೆದಿದ್ದ. ಜನರ ಬ್ಯಾಂಕ್ ಪಾಸ್‌ವರ್ಡ್ ಕದಿಯೋ ಸಾಫ್ಟ್‌ವೇರ್ ಅದು. 2019ರಲ್ಲಿ ತಪ್ಪು ಒಪ್ಪಿಕೊಂಡ. ನ್ಯಾಯಾಧೀಶರು ಅವನು ಆಮೇಲೆ ಮಾಡಿದ ಒಳ್ಳೆಯ ಕೆಲಸವನ್ನೂ ಲೆಕ್ಕಕ್ಕೆ ತಗೊಂಡರು. ಮತ್ತೆ ಜೈಲಿಗೆ ಕಳಿಸಲಿಲ್ಲ, ಒಂದು ವರ್ಷ ನಿಗಾದಲ್ಲಿರಬೇಕು ಅಂದರು, ಅಷ್ಟೆ.

ಈ ಕಥೆಯನ್ನ ಎಲ್ಲರೂ 'ಕೆಟ್ಟವನು ಒಳ್ಳೆಯವನಾದ' ಅಂತ ಹೇಳಿ ಮುಗಿಸ್ತಾರೆ. ನನಗೆ ಕುತೂಹಲ ಬೇರೆ ಕಡೆ. ವಾನಾಕ್ರೈ ನಿಲ್ಲಿಸಿದಾಗ ಅವನು ಯಾರ ಕಂಪ್ಯೂಟರಿಗೂ ನುಗ್ಗಲಿಲ್ಲ. ಒಂದು ವಿಳಾಸ ಕೊಂಡ. ಕ್ರೋನೋಸ್ ವಿಷಯದಲ್ಲಿ ಅವನ ಅಪರಾಧ ಬ್ಯಾಂಕಿಗೆ ನುಗ್ಗಿದ್ದಲ್ಲ, ನುಗ್ಗೋರಿಗೆ ಹತಾರ ಮಾಡಿಕೊಟ್ಟಿದ್ದು. ಅಂದರೆ ಕನ್ನ ಹಾಕಿದನಾ ಇಲ್ವಾ ಅನ್ನೋ ಅಳತೆಗೋಲು ಇಲ್ಲಿ ಕೆಲಸಕ್ಕೇ ಬರಲ್ಲ.

ಇನ್ನೂ ಒಂದಿದೆ. ವಾನಾಕ್ರೈ ಅಷ್ಟು ವೇಗವಾಗಿ ಹರಡಿದ್ದು ವಿಂಡೋಸ್‌ನಲ್ಲಿದ್ದ ಒಂದು ತೂತಿನಿಂದ. ಆ ತೂತು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಗೆ ಮೊದಲೇ ಗೊತ್ತಿತ್ತು. ಮೈಕ್ರೋಸಾಫ್ಟ್‌ಗೆ ಹೇಳದೆ, ತಾನೇ ಬಳಸಿಕೊಳ್ಳೋಕೆ ಅಂತ 'ಎಟರ್ನಲ್ ಬ್ಲೂ' ಅನ್ನೋ ಹತಾರ ಮಾಡಿ ಇಟ್ಟುಕೊಂಡಿತ್ತು. ಅದು ಸೋರಿಕೆಯಾಗಿ 2017ರ ಏಪ್ರಿಲ್‌ನಲ್ಲಿ ಇಂಟರ್ನೆಟ್ಟಿಗೆ ಬಂತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಬಿಟ್ಟಿತ್ತು ನಿಜ, ಆದರೆ ಹಾಕಿಕೊಳ್ಳದ ಕಂಪ್ಯೂಟರ್‌ಗಳು ಲಕ್ಷಾಂತರ ಇದ್ದವು. (ಈಗಲೇ ಕೇಳ್ತೀನಿ, ನಿಮ್ಮ ಫೋನಲ್ಲಿ 'ರಿಮೈಂಡ್ ಮಿ ಲೇಟರ್' ಒತ್ತಿ ಎಷ್ಟು ದಿನ ಆಯ್ತು?) ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು. ಎನ್‌ಎಸ್‌ಎ ಕೈಯಲ್ಲಿ ಕಾನೂನಿನ ಅಧಿಕಾರ ಇತ್ತು. ಅಷ್ಟಕ್ಕೇ ಅದು ನೈತಿಕ ಆಗುತ್ತಾ? ನನ್ನ ಪ್ರಕಾರ ಇಲ್ಲ. ತೂತು ಗೊತ್ತಿದ್ದೂ ಮನೆಯವರಿಗೆ ಹೇಳದೆ ಇರೋದು, ಆ ಮನೆಯಲ್ಲಿ ರೋಗಿಗಳು ಮಲಗಿದ್ದಾಗ, ಸಣ್ಣ ವಿಷಯ ಅಲ್ಲ.

ಹಾಗಾದ್ರೆ ಸರಿಯಾಗಿ ಮಾಡಿದವರು ಯಾರೂ ಇಲ್ವಾ? ಇದ್ದಾರೆ, ನಮ್ಮ ಬೆಂಗಳೂರಲ್ಲೇ. ಆನಂದ್ ಪ್ರಕಾಶ್ ಅಂತ ಸೆಕ್ಯುರಿಟಿ ರಿಸರ್ಚರ್. 2016ರಲ್ಲಿ, ಇಲ್ಲೇ ಕೆಲಸ ಮಾಡ್ತಿದ್ದಾಗ, ಫೇಸ್‌ಬುಕ್‌ನಲ್ಲಿ ಒಂದು ತೂತು ಹುಡುಕಿದರು. ಪಾಸ್‌ವರ್ಡ್ ಮರೆತರೆ ಆರಂಕಿಯ ಕೋಡ್ ಬರುತ್ತಲ್ಲ, ಅದನ್ನ ತಪ್ಪು ತಪ್ಪಾಗಿ ಹತ್ತಾರು ಸಲ ಹಾಕಿದರೆ ಮುಖ್ಯ ಸೈಟ್ ತಡೀತಿತ್ತು. ಬೀಟಾ ಸೈಟ್ ತಡೀತಿರಲಿಲ್ಲ. ಆರಂಕಿ ಅಂದರೆ ಒಟ್ಟು 10 ಲಕ್ಷ ಸಾಧ್ಯತೆ, ಕಂಪ್ಯೂಟರಿಗೆ ಅದೇನು ದೊಡ್ಡದಲ್ಲ. ಯಾರ ಅಕೌಂಟ್ ಬೇಕಾದ್ರೂ ತೆಗೀಬಹುದಿತ್ತು. ಅವರು ಪರೀಕ್ಷೆ ಮಾಡಿ ನೋಡಿದ್ದು ತಮ್ಮದೇ ಅಕೌಂಟ್ ಮೇಲೆ. ಆಮೇಲೆ ಕಂಪನಿಗೆ ಹೇಳಿದರು. ಮಾರನೇ ದಿನವೇ ಸರಿಪಡಿಸಿದರು, 15,000 ಡಾಲರ್ ಬಹುಮಾನವೂ ಬಂತು. ಆಗಿನ ಲೆಕ್ಕದಲ್ಲಿ ಸುಮಾರು 10 ಲಕ್ಷ ರೂಪಾಯಿ.

'ತಮ್ಮದೇ ಅಕೌಂಟ್' ಅನ್ನೋದನ್ನ ಓದಿದಾಗ ನನಗೆ ಆ ಮೂವತ್ತು ರಸೀದಿ ನೆನಪಾದವು. ತೂತು ಇದೆ ಅಂತ ತೋರಿಸೋಕೆ ಒಂದು ರಸೀದಿ ಸಾಕಿತ್ತು. ಗೆಳೆಯನಿಗೆ ಮೊದಲೇ ಹೇಳಿ ಅವನದನ್ನ ನೋಡಿದ್ರೆ ಇನ್ನೂ ಚೆನ್ನಾಗಿತ್ತು. ಮಿಕ್ಕ ಇಪ್ಪತ್ತೊಂಬತ್ತು ನೋಡಿದ್ದು ಬರೀ ಚಪಲಕ್ಕೆ.

ಆಡಿಟಿಂಗ್ ಓದಿದ ನನ್ನಂಥವರಿಗೆ ಇದು ಬೇಗ ಅರ್ಥ ಆಗಬೇಕಿತ್ತು. ಆಡಿಟರ್ ಕೂಡ ನಿಮ್ಮ ಪುಸ್ತಕದಲ್ಲಿ ತಪ್ಪು ಹುಡುಕೋನೇ. ಆದರೆ ಅವನ ಕೈಯಲ್ಲಿ ನೇಮಕದ ಪತ್ರ ಇರುತ್ತೆ, ಎಲ್ಲಿವರೆಗೆ ನೋಡಬೇಕು ಅಂತ ಗೊತ್ತಿರುತ್ತೆ, ಕಂಡದ್ದನ್ನ ಊರಿಗೆಲ್ಲ ಹೇಳಲ್ಲ. ಬಗ್ ಬೌಂಟಿ ಅಂತ ಕಂಪನಿಗಳು ನಡೆಸೋದು ಒಂಥರಾ ಅದೇ ನೇಮಕದ ಪತ್ರ, ಎಲ್ಲರಿಗೂ ಸೇರಿಸಿ ಒಂದೇ.

ಕಷ್ಟ ಇರೋದು ಆ ಪತ್ರ ಇಲ್ಲದ ಕಡೆ. ನಮ್ಮ ಐಟಿ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಮಾಲೀಕರ ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋದರೆ ಪರಿಹಾರ ಕೊಡಬೇಕಾಗಬಹುದು. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್: ಮೂರು ವರ್ಷದವರೆಗೆ ಜೈಲು, ಇಲ್ಲಾ 5 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಉದ್ದೇಶ ಒಳ್ಳೆಯದಿತ್ತು ಅಂತ ನೀವು ಹೇಳಬಹುದು, ಆದರೆ ಆ ಮಾತನ್ನ ಪೊಲೀಸ್ ಸ್ಟೇಷನ್ನಲ್ಲಿ ಕೂತು ಹೇಳಬೇಕಾಗುತ್ತೆ. ದೊಡ್ಡ ಕಂಪನಿಗಳ ತೂತು ಹುಡುಕಿದರೆ ಡಾಲರ್ ಸಿಗುತ್ತೆ. ನಿಮ್ಮೂರಿನ ಆಸ್ಪತ್ರೆ, ಸೊಸೈಟಿ, ಟ್ಯೂಷನ್ ಸೆಂಟರ್‌ನ ತೂತು ಹೇಳಿದರೆ ಬೈಗುಳ ಸಿಗುತ್ತೆ. ನಮ್ಮ ಅಪ್ಪ ಅಮ್ಮನ ಫೋನ್ ನಂಬರ್, ವಿಳಾಸ ಜಾಸ್ತಿ ಇರೋದು ಎಲ್ಲಿ ಹೇಳಿ? ಇಂಥ ಕಡೆಯೇ ಅಲ್ವಾ?

ನಿಮಗೇನಾದ್ರೂ ಹೀಗೆ ಕಣ್ಣಿಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಡೌನ್‌ಲೋಡ್ ಮಾಡ್ಬೇಡಿ, ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಲೇಬೇಡಿ. ಬರವಣಿಗೆಯಲ್ಲಿ ತಿಳಿಸಿ, ದುಡ್ಡು ಕೇಳ್ಬೇಡಿ, ಕೇಳಿದ ಕ್ಷಣ ಅದು ಬ್ಲ್ಯಾಕ್‌ಮೇಲ್ ಥರ ಕಾಣುತ್ತೆ. ಅವರ ಹತ್ರ ಹೋಗೋಕೆ ಭಯ ಆದ್ರೆ ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಗೆ ಅವರ ವೆಬ್‌ಸೈಟ್ ಮೂಲಕ ತಿಳಿಸಬಹುದು, ಇಂಥ ವರದಿ ತಗೊಳ್ಳೋಕೆ ಅಲ್ಲಿ ವ್ಯವಸ್ಥೆ ಇದೆ. ಅದು ನಿಮಗೆ ಕಾನೂನಿನ ರಕ್ಷಣೆ ಕೊಟ್ಟುಬಿಡುತ್ತೆ ಅಂತ ಮಾತ್ರ ಅಂದುಕೊಳ್ಬೇಡಿ. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನೇ ಸ್ಪಷ್ಟವಾಗಿ ರಕ್ಷಣೆ ಕೊಡಬೇಕು ಅನ್ನೋದು ನನ್ನ ವಾದ. ಒಪ್ಪದವರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ.

ಕೊನೇದಾಗಿ ಒಂದು ವಿಷಯ. ಆ ಮೂರು ಕಂತಿನ ಗೆಳೆಯ ಈಗಲೂ ಗೆಳೆಯನೇ, ಈ ಪಾಡ್‌ಕಾಸ್ಟನ್ನ ಪ್ರತಿ ವಾರ ಕೇಳ್ತಾನೆ. ಇಷ್ಟು ವರ್ಷ ಅವನಿಗೆ ಇದನ್ನ ಹೇಳಿಲ್ಲ. ಮಗಾ, ಅದು ನಿನ್ನ ರಸೀದಿನೇ. ನಾನು ನೋಡಬಾರದಿತ್ತು, ಸಾರಿ ಕಣೋ. ಸಂಜೆ ಫೋನ್ ಮಾಡ್ತೀನಿ, ಎತ್ತು.