ಬಾಸ್ ಒಳ್ಳೆಯವನಾ ಅಂತ ತಿಳ್ಕೊಳ್ಳೋದು ಹೇಗೆ?

ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ದಾವಣಗೆರೆ ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದವನು. ಈಗ ಇರ್ವಿಂಗ್‌ನಲ್ಲಿ ಪೈಪು ಬಗ್ಗಿಸಿ, ವೈರು ಎಳೆದು ಜೀವನ ಮಾಡ್ತಿದೀನಿ. ಒಳ್ಳೆ ಬಾಸ್, ಕೆಟ್ಟ ಬಾಸ್ ಬಗ್ಗೆ ಮಾತಾಡು ಅಂದ್ರು. ಕೆಟ್ಟ ಬಾಸ್ ಬಗ್ಗೆ ಆದ್ರೆ ಇಲ್ಲಿರೋ ಅರ್ಧ ಜನ ನನಗಿಂತ ಚೆನ್ನಾಗಿ ಮಾತಾಡ್ತೀರಿ.

ನಾವು ಬಾಸ್‌ನ ಅಳೆಯೋದು ಹೆಚ್ಚಾಗಿ ಅವನ ಬಾಯಿಂದ. ಬೈತಾನಾ, ನಗ್ತಾ ಮಾತಾಡ್ತಾನಾ ಅಂತ. ನಾನು ನೋಡೋದು ಬೇರೆ. ಕೆಲಸ ಲೇಟಾಗಿದೆ, ಮೇಲಿನವರು ಅವನ ತಲೆ ತಿಂತಿದ್ದಾರೆ. ಆ ಹೊತ್ತಲ್ಲಿ ನಾವು "ಸ್ವಲ್ಪ ತಡೀರಿ" ಅಂದ್ರೆ ಅವನು ಏನು ಮಾಡ್ತಾನೆ?

ನಮ್ಮೂರಲ್ಲಿ ಪವರ್‌ಮ್ಯಾನ್ ಕಂಬ ಹತ್ತೋಕೆ ಮುಂಚೆ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಎಲ್‌ಸಿ ತಗೋತಾನೆ, ಅಂದ್ರೆ ಲೈನ್ ಕ್ಲಿಯರ್. ತಗೊಂಡವನೇ ಅದನ್ನ ವಾಪಸ್ ಕೊಡಬೇಕು. ಕೊಡೋವರೆಗೂ ಆ ಲೈನ್ ಚಾರ್ಜ್ ಮಾಡೋ ಹಾಗಿಲ್ಲ. ಇಲ್ಲಿ ಅದಕ್ಕೆ ಲಾಕ್‌ಔಟ್ ಅಂತಾರೆ. ಸ್ವಿಚ್ ಆಫ್ ಮಾಡಿ, ನಮ್ಮ ಹೆಸರಿನ ಚೀಟಿ ಕಟ್ಟಿ, ನಮ್ಮದೇ ಬೀಗ ಹಾಕಿ, ಕೀಲಿ ನಮ್ಮ ಜೇಬಲ್ಲೇ ಇಟ್ಕೋಬೇಕು. ಹತ್ತು ಜನ ಕೆಲಸ ಮಾಡ್ತಿದ್ರೆ ಹತ್ತು ಬೀಗ.

ನನಗೆ ಒಬ್ಬ ಫೋರ್‌ಮನ್ ಇದ್ದ. ಬಂಗಾರದಂಥ ಮಾತು. ಶುಕ್ರವಾರ ಆದ್ರೆ ಎಲ್ಲರಿಗೂ ಡೋನಟ್ ತರೋನು. ಒಂದಿನ 480 ವೋಲ್ಟಿನ ಪ್ಯಾನೆಲ್ ಮುಂದೆ ನಿಂತು, "ಎರಡು ನಿಮಿಷದ ಕೆಲಸ. ಪವರ್ ತೆಗೆದ್ರೆ ಕೆಳಗಿನ ಆಫೀಸಿನವರು ಗಲಾಟೆ ಮಾಡ್ತಾರೆ. ಹಾಗೇ ಮಾಡಿಬಿಡು" ಅಂದ. ಆಗಲ್ಲ ಅಂದೆ. ನಗ್ತಾನೇ "ಸರಿ" ಅಂದ. ಮಾರನೇ ವಾರದಿಂದ ನನ್ನನ್ನ ಗುಂಡಿ ತೋಡೋಕೆ ಹಾಕಿದ. ಆಗಸ್ಟ್ ತಿಂಗಳು. ಟೆಕ್ಸಾಸ್ ಆಗಸ್ಟ್ ಹೆಂಗಿರುತ್ತೆ ಅಂತ ನಿಮಗೆ ಹೇಳಬೇಕಾ!

ಇನ್ನೊಬ್ಬ ಮೆಕ್ಸಿಕೋದ ಮಾಂಟೆರೇ ಕಡೆಯವನು. ಬಾಯಿ ತೆಗೆದ್ರೆ ಬೈಗುಳ. ನನ್ನ ಸ್ಪ್ಯಾನಿಷ್ ಅರ್ಧ ಅವನ ಬೈಗುಳದಿಂದ್ಲೇ ಬಂದಿದ್ದು. ಒಂದು ಸಂಜೆ ಏಸಿ ಕೆಲಸದವನೊಬ್ಬ ಬೀಗ ತೆಗೆಯೋದು ಮರೆತು, ಕೀಲಿ ಜೇಬಲ್ಲಿಟ್ಕೊಂಡು ಫೋರ್ಟ್‌ವರ್ತ್‌ಗೆ ಮನೆಗೆ ಹೋಗಿದ್ದ. ಕರೆಂಟ್ ಕೊಡಬೇಕು, ಕಂಟ್ರಾಕ್ಟರ್ ಫೋನ್ ಮೇಲೆ ಫೋನ್. ಕಟರ್ ಅಲ್ಲೇ ಇತ್ತು, ಕತ್ತರಿಸಿದ್ರೆ ಅರ್ಧ ನಿಮಿಷ. ಇವನು ಕತ್ತರಿಸಲಿಲ್ಲ. ಆ ಹುಡುಗನ್ನ ವಾಪಸ್ ಕರೆಸಿದ. ಒಂದೂವರೆ ಗಂಟೆ ನಾವೆಲ್ಲ ಕಾದ್ವಿ, ಕಾದಿದ್ದಕ್ಕೆ ಗಂಟೆ ಲೆಕ್ಕವನ್ನೂ ಬರೆದ. ಕಂಟ್ರಾಕ್ಟರ್ ಹತ್ರ ಬೈಸ್ಕೊಂಡಿದ್ದು ಅವನೊಬ್ಬನೇ. ಅವನ ಕೈಕೆಳಗೆ ನಾನು ಇವತ್ತೂ ಕೆಲಸಕ್ಕೆ ಹೋಗ್ತೀನಿ.

ಇದು ಕರೆಂಟಿನ ಮಾತು ಮಾತ್ರ ಅಲ್ಲ. 2015ರ ಜುಲೈನಲ್ಲಿ ಡಲ್ಲಾಸ್‌ನ ಉತ್ತರಕ್ಕಿರೋ ಮೆಲಿಸ್ಸಾದಲ್ಲಿ 25 ವರ್ಷದ ಹುಡುಗನೊಬ್ಬ ಏಸಿ ಇಲ್ಲದ ಮನೇಲಿ ನೆಲ ಹಾಕ್ತಾ ಹಾಕ್ತಾ ಬಿಸಿಲ ಬೇಗೆಗೆ ಸತ್ತ. ಮೈ ಸರಿಯಿಲ್ಲ, ಬ್ರೇಕ್ ಕೊಡಿ ಅಂತ ಕೇಳಿದ್ದ, ಕೊಡಲಿಲ್ಲ ಅಂತ ಮನೆಯವರು ಹೇಳಿದ್ರು. ಅದೇ ವರ್ಷ ಡಿಸೆಂಬರ್‌ನಲ್ಲಿ ಡಲ್ಲಾಸ್ ನಗರ, ಕಟ್ಟಡ ಕೆಲಸದವರಿಗೆ ನಾಲ್ಕು ಗಂಟೆಗೊಮ್ಮೆ 10 ನಿಮಿಷ ವಿರಾಮ ಕೊಡಲೇಬೇಕು ಅಂತ ನಿಯಮ ಮಾಡ್ತು. ಆಸ್ಟಿನ್ 2010ರಲ್ಲೇ ಮಾಡಿತ್ತು. 2023ರಲ್ಲಿ ರಾಜ್ಯದವರು ಹೌಸ್ ಬಿಲ್ 2127 ತಂದು, ಊರೂರಿನ ಇಂಥ ನಿಯಮಗಳನ್ನ ತೆಗೆದುಹಾಕೋಕೆ ಹೊರಟ್ರು. ಹ್ಯೂಸ್ಟನ್ ನಗರವೇ ಅದರ ವಿರುದ್ಧ ಕೋರ್ಟಿಗೆ ಹೋಯ್ತು. ಹತ್ತು ನಿಮಿಷಕ್ಕೆ ಇಷ್ಟೆಲ್ಲ! ಸೈಟಲ್ಲಿ ನಿಂತಾಗ ಇದ್ಯಾವುದೂ ನಮ್ಮ ಕೈಗೆ ಸಿಗಲ್ಲ. ನೆರಳಿಗೆ ಹೋಗು, ನೀರು ಕುಡಿ ಅನ್ನೋನು ಫೋರ್‌ಮನ್ನೇ.

ಇನ್ನೊಂದು ವಿಷಯ ಹೊಸದಾಗಿ ಬಂದಿರೋ ಹುಡುಗರಿಗೆ. ಟೆಕ್ಸಾಸ್‌ನಲ್ಲಿ ಜರ್ನಿಮನ್ ಲೈಸೆನ್ಸ್ ಸಿಗಬೇಕಂದ್ರೆ ಮಾಸ್ಟರ್ ಎಲೆಕ್ಟ್ರಿಷಿಯನ್ ಕೈಕೆಳಗೆ 8,000 ಗಂಟೆ ಕೆಲಸ ಮಾಡಿರಬೇಕು. ವಾರಕ್ಕೆ 40 ಗಂಟೆ ಅಂದ್ರೂ ಹತ್ತಿರ ಹತ್ತಿರ ನಾಲ್ಕು ವರ್ಷ. ಅಷ್ಟು ಗಂಟೆ ಆಗಿದೆ ಅಂತ ಫಾರಂಗೆ ಸಹಿ ಹಾಕೋನು ಆ ಮಾಸ್ಟರೇ. ಅಂದ್ರೆ ನಮ್ಮ ನಾಲ್ಕು ವರ್ಷ ಅವನ ಪೆನ್ನಿನ ತುದೀಲಿರುತ್ತೆ. ಕೆಲಸ ಬಿಡ್ತೀನಿ ಅಂದ ಕೂಡ್ಲೇ ಕೆಲವರಿಗೆ ಆ ಪೆನ್ನು ಸಿಗೋದೇ ಇಲ್ಲ. ಅದಕ್ಕೇ ಕೆಲಸ ಬಿಡೋ ದಿನದವರೆಗೆ ಕಾಯಬೇಡಿ. ದಿನಾ ಎಲ್ಲಿ, ಎಷ್ಟು ಗಂಟೆ, ಏನು ಕೆಲಸ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೀರಿ. ಪೇ ಸ್ಟಬ್ ಒಂದನ್ನೂ ಬಿಸಾಕಬೇಡಿ. ಹೊಸ ಕಡೆ ಸೇರೋವಾಗ್ಲೇ "ನನ್ನ ಗಂಟೆಗೆ ಸಹಿ ಹಾಕ್ತೀರಾ?" ಅಂತ ಕೇಳಿ. ಆ ಪ್ರಶ್ನೆಗೆ ಮುಖ ಸಿಂಡರಿಸಿದ್ರೆ ಆಗ್ಲೇ ಗೊತ್ತಾಯ್ತಲ್ಲ.

ನಮ್ಮ ಭಾಷೆಯ ಬಾಸ್ ಆದ್ರೆ ಆರಾಮು ಅನ್ಕೊಳ್ಳೋರೂ ಇದ್ದಾರೆ. ಇರಬಹುದು. ಒಳ್ಳೆಯವರನ್ನ ನೋಡಿದೀನಿ, ಹಬ್ಬಕ್ಕೆ ಮನೆಗೆ ಕರೆದು ಒಬ್ಬಟ್ಟು ಹಾಕಿದ್ದಾರೆ. ಆದ್ರೆ "ನಮ್ಮ ಹುಡುಗ ಅಲ್ವೇನಪ್ಪಾ" ಅಂತ ಶುರುವಾದ ಮಾತು ಸುಮಾರು ಸಲ ಓವರ್‌ಟೈಮ್ ಹತ್ರ ಬಂದು ನಿಂತುಬಿಡುತ್ತೆ. ಗಂಟೆ ಲೆಕ್ಕದ ಕೆಲಸದಲ್ಲಿ ವಾರಕ್ಕೆ 40 ದಾಟಿದ್ರೆ ಒಂದೂವರೆಪಟ್ಟು ಕೊಡಬೇಕು ಅನ್ನೋದು ಇಲ್ಲಿನ ಫೆಡರಲ್ ಕಾನೂನು. ಒಬ್ಬಟ್ಟು ಆ ಲೆಕ್ಕಕ್ಕೆ ಬರಲ್ಲ. ಎಚ್‌-1ಬಿ ಮೇಲಿರೋ ತಮ್ಮಂದಿರ ಕಷ್ಟ ಇನ್ನೊಂಥರ. ಕೆಲಸ ಹೋದ್ರೆ 60 ದಿನ, ಅಷ್ಟೇ. ಅವರು ಬಾಸ್‌ಗೆ "ತಡೀರಿ" ಅನ್ನೋದು ನನಗಿಂತ ಕಷ್ಟ, ಒಪ್ಕೋತೀನಿ. ಅದರ ಬಗ್ಗೆ ಅವರೇ ಯಾರಾದ್ರೂ ಮುಂದಿನ ವರ್ಷ ಇಲ್ಲಿ ನಿಂತು ಮಾತಾಡಲಿ.

ಗಂಟೆಯ ಫಾರಂ ತುಂಬೋಕೆ ತೊಡಕಾಗಿರೋರು ಯಾರಾದ್ರೂ ಇದ್ರೆ ಊಟದ ಹೊತ್ತಲ್ಲಿ ಸಿಗಿ. ನಾಲ್ಕು ಖಾಲಿ ಫಾರಂ ಪ್ರಿಂಟ್ ಮಾಡ್ಕೊಂಡು ಬಂದಿದೀನಿ, ಪೆನ್ನೂ ಇದೆ.