ಎಳ್ಳು ಬೀರುವ ಕೈ

(ಸಂಕ್ರಾಂತಿಗೆ ಕೆಲವು ದಿನ ಮುಂಚೆ ಚಿಕ್ಕಬಳ್ಳಾಪುರದಲ್ಲಿ ಸೇರಿದ್ದ ಶರಣ ಬಂಧುಗಳ ಸಭೆಯಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹರೂಪ)

 

ನಮ್ಮ ಹಬ್ಬಗಳ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಹೇಳಿದ್ದಾರೆ. ನಾನು ಪಂಡಿತಳಲ್ಲ. ಮೂವತ್ತು ವರ್ಷ ಹಳ್ಳಿಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು, ಮನೆಯಲ್ಲಿ ಹುಳು ಸಾಕಿದವಳು. ನೋಡಿದ್ದನ್ನು ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ.

ನಮ್ಮ ಕಡೆಯ ಸ್ಥಿತಿ ಬೇರೆ. ಬೆಳಗಾವಿ, ಕಲಬುರಗಿ ಸೀಮೆಯ ಹಾಗೆ ಊರಿಗೆ ಊರೇ ಲಿಂಗವಂತರು ಇರುವ ಪ್ರದೇಶ ಇದಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲೇ ಹೋಗಿ, ಒಂದೂರಲ್ಲಿ ನಮ್ಮವು ನಾಲ್ಕು ಮನೆ, ಇನ್ನೊಂದೂರಲ್ಲಿ ಎರಡು. ಸುತ್ತ ಒಕ್ಕಲಿಗರು, ಬಲಿಜಿಗರು, ದಲಿತರು, ಮುಸಲ್ಮಾನರು. ಅರ್ಧ ಬೀದಿ ಕನ್ನಡ, ಅರ್ಧ ಬೀದಿ ತೆಲುಗು. ಆದ್ದರಿಂದ ನಮ್ಮ ಹಬ್ಬ ಯಾವತ್ತೂ ನಮ್ಮದಷ್ಟೇ ಆಗಿದ್ದಿಲ್ಲ, ಊರಿನದಾಗಿತ್ತು. ಈಗ ನಮ್ಮವರಲ್ಲೇ ಎರಡು ಮಾತು ಕೇಳುತ್ತೇನೆ. ಬಸವ ಜಯಂತಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಮಗೆ ಬೇಡ ಎನ್ನುವವರು ಕೆಲವರು. ಹಿರಿಯರು ಮಾಡಿದ್ದನ್ನು ಒಂದಕ್ಷರ ಬಿಡದೆ ಮಾಡಬೇಕು ಎನ್ನುವವರು ಕೆಲವರು. ಈ ಎರಡೂ ಮಾತು ನನಗೆ ಸುಲಭದ ದಾರಿಯಾಗಿಯೇ ಕಾಣುತ್ತವೆ. ಒಂದೊಂದು ಆಚರಣೆಯನ್ನೂ ಕೈಯಲ್ಲಿ ಹಿಡಿದು ನೋಡಬೇಕು, ಅವರೆಕಾಯಿ ಬಿಡಿಸುವ ಹಾಗೆ. ಹುಳುಕು ಇದ್ದರೆ ಕಾಣುತ್ತದೆ.

ಅವರೆಕಾಯಿ ಅಂದೆ. ಈ ತಿಂಗಳು ನಮ್ಮ ಸೀಮೆಯ ಯಾವ ಮನೆಗೆ ಹೋದರೂ ಅದರ ಸೊಗಡೇ ಮೂಗಿಗೆ ಬಡಿಯುತ್ತದೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎಂದು ರೈತರು ಹೇಳುತ್ತಾರೆ. ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಗ್ಗೆ ಹೆಂಗಸರೆಲ್ಲ ಜಗಲಿಯ ಮೇಲೆ ಕೂತು ಹಿಸುಕುತ್ತೇವಲ್ಲ, ಆ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ನಮ್ಮ ಮನೆಯಲ್ಲಿ ಅದು ಹಿತಕಿದ ಬೇಳೆ, ಪಕ್ಕದ ಮನೆಯಲ್ಲಿ ಪಿತಿಕಿ ಪಪ್ಪು. ಸಾರು ಒಂದೇ, ಮುದ್ದೆಯೂ ಒಂದೇ. ಪುರಾಣವಿಲ್ಲ, ಮಂತ್ರವಿಲ್ಲ, ಪುರೋಹಿತರಿಲ್ಲ. ಹೊಲದಲ್ಲಿ ದುಡಿದದ್ದು ಮನೆಗೆ ಬಂತು, ಬಂದದ್ದು ಬೀದಿಗೆ ಹಂಚಿತು. ಕಾಯಕ, ದಾಸೋಹ ಎನ್ನುವ ಮಾತುಗಳನ್ನು ನಾನು ಶಾಲೆಯ ಮಕ್ಕಳಿಗೆ ಹೇಳಿಕೊಟ್ಟದ್ದು ಈ ಜಗಲಿಯನ್ನು ತೋರಿಸಿಯೇ. ಇದನ್ನು ಬಿಡಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆದರೆ ಕಿಚ್ಚು ಹಾಯಿಸುವುದು? ನಾನು ಚಿಕ್ಕವಳಿದ್ದಾಗ ಸಂಕ್ರಾಂತಿಯ ಸಂಜೆ ಊರ ಮುಂದೆ ಹುಲ್ಲು ಹಾಸಿ ಬೆಂಕಿ ಹಾಕುತ್ತಿದ್ದರು. ಹುಲ್ಲು ಪ್ರತಿ ಮನೆಯಿಂದ ಬರಬೇಕಿತ್ತು. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿದ ಹಳ್ಳಿಕಾರ್ ಎತ್ತುಗಳು ಒಂದರ ಹಿಂದೊಂದು ಹಾರಿಹೋಗುತ್ತಿದ್ದುದನ್ನು ನೋಡುವುದೇ ಒಂದು ಚೆಂದ. ಉಣ್ಣೆ ಉದುರುತ್ತದೆ, ದನಕ್ಕೆ ರೋಗ ಬರುವುದಿಲ್ಲ ಅನ್ನುತ್ತಿದ್ದರು. ಒಂದು ಸಂಗತಿ ಮಾತ್ರ ಆಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೇರಿಯವರ ದನ ಯಾವಾಗಲೂ ಕೊನೆಗೇ ಬರುತ್ತಿದ್ದವು, ಬೆಂಕಿ ಆರುವ ಹೊತ್ತಿಗೆ. ಅವರ ಮನೆಯ ಹುಲ್ಲು ಮಾತ್ರ ಮೊದಲೇ ಬಂದಿರುತ್ತಿತ್ತು. ಈಗ ಎತ್ತುಗಳೇ ಕಡಿಮೆ, ಕೊಟ್ಟಿಗೆಯಲ್ಲಿರುವುದು ಸೀಮೆ ಹಸು. ಕೆಚ್ಚಲು ಭಾರದ ಆ ಪ್ರಾಣಿಯನ್ನು ಬೆಂಕಿಯ ಮುಂದೆ ನಿಲ್ಲಿಸಿದರೆ ಬೆದರಿ ಹಾಲು ಏರಿಸಿಕೊಳ್ಳುತ್ತದೆ. ನಮ್ಮೂರಲ್ಲಿ ಕಿಚ್ಚು ನಿಂತು ಬಹಳ ವರ್ಷವಾಯಿತು. ದನ ತೊಳೆದು, ಪೊಂಗಲು ತಿನ್ನಿಸಿ, ಬೀದಿ ಸುತ್ತಿಸಿ ತರುತ್ತಾರೆ. ಯಾರಿಗೂ ಏನೂ ಕೆಡುಕಾಗಿಲ್ಲ.

ಈಗ ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಬೇಕೋ ಬೇಡವೋ ಎಂದು ನಿನ್ನೆ ರಾತ್ರಿಯೆಲ್ಲ ಯೋಚಿಸಿದೆ.

ನಾನು ಸೊಸೆಯಾಗಿ ಬಂದಾಗ ನಮ್ಮತ್ತೆಯವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಮಾವನವರು ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಸಂಕ್ರಾಂತಿಗೆ ಎಂಟು ದಿನ ಇದೆ ಎನ್ನುವಾಗಲೇ ಅತ್ತೆ ಕೆಲಸಕ್ಕೆ ಕೂರುತ್ತಿದ್ದರು. ಒಣಕೊಬ್ಬರಿಯ ಹಿಂದಿನ ಕಪ್ಪು ಸಿಪ್ಪೆ ಹೆರೆದು, ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚುವುದು. ಅಚ್ಚುಬೆಲ್ಲ ಕತ್ತರಿಸಿ ಬಿಸಿಲಿಗೆ ಒಣಗಿಸುವುದು. ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ತೂರಿ, ಹೋಳು ಮಾಡುವುದು. ಬಿಳಿ ಎಳ್ಳು ಹದವಾಗಿ ಹುರಿಯುವುದು. ಅವರ ಬೆರಳಿನಲ್ಲಿ ಬೊಕ್ಕೆ ಎದ್ದಿರುತ್ತಿದ್ದವು. ಆ ಎಳ್ಳುಬೆಲ್ಲದ ರುಚಿ ಇಡೀ ಬೀದಿಗೆ ಗೊತ್ತಿತ್ತು.

ಹಬ್ಬದ ಸಂಜೆ ಹೆಂಗಸರು ಹೊಸ ಸೀರೆಯುಟ್ಟು ಎಳ್ಳು ಬೀರಲು ಹೊರಡುವ ಹೊತ್ತು. ಮದುವೆಯಾದ ಮೊದಲ ವರ್ಷ. ತಟ್ಟೆಗಳನ್ನು ಜೋಡಿಸಿ ಅತ್ತೆಯೇ ಬಾಗಿಲವರೆಗೆ ತಂದರು. ಎದುರು ಮನೆಯವರು ಬರುತ್ತಿರುವುದು ಕಂಡಿತು. ನಾನು ಅವರ ಕೈಯಿಂದ ತಟ್ಟೆ ತೆಗೆದುಕೊಂಡು, 'ಅತ್ತೆ, ನೀವು ಒಳಗಿರಿ' ಅಂದೆ. ಯಾರೂ ಹೇಳಿಕೊಟ್ಟಿರಲಿಲ್ಲ. ತವರಿನಲ್ಲಿ ನೋಡಿದ್ದೆ, ನೋಡಿದ್ದನ್ನೇ ಮಾಡಿದೆ. ಅವರು ಒಂದು ಮಾತೂ ಆಡದೆ ಒಳಗೆ ಹೋದರು. ನಾನು ಟೀಚರ್ ಟ್ರೇನಿಂಗ್ ಮುಗಿಸಿದವಳು. ಎದೆಯ ಮೇಲೆ ಲಿಂಗವಿತ್ತು. ಅವರ ಎದೆಯ ಮೇಲೂ ಇತ್ತು.

ಹೀಗೆ ಹದಿನಾಲ್ಕು ಸಂಕ್ರಾಂತಿಗಳು ಕಳೆದವು. ಕೊನೆಗೆ ಕೇಳಿದವಳು ನನ್ನ ಮಗಳು. 'ಅಜ್ಜಿ ಮಾಡಿದ್ದು ಎಲ್ಲರೂ ತಿನ್ನಬಹುದು, ಅಜ್ಜಿ ಕೊಟ್ಟರೆ ಮಾತ್ರ ತಗೋಬಾರದಾ?' ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷ ಅತ್ತೆಯ ಕೈಗೇ ತಟ್ಟೆ ಕೊಟ್ಟೆವು. ಎರಡು ಮನೆಯವರು ನಿಂತಲ್ಲೇ ತಡವರಿಸಿದರು, ಮೂರನೆಯವರು ಸೆರಗೊಡ್ಡಿ ತೆಗೆದುಕೊಂಡರು. ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ. ಹೊಟ್ಟೆ ತುಂಬಿದೆ ಅಂದರು. ಅವರಿಗೆ ಸಿಕ್ಕಿದ್ದು ಅಂಥ ಮೂರೇ ಸಂಕ್ರಾಂತಿಗಳು.

ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಈ ಐದು ಸೂತಕಗಳು ಲಿಂಗಧಾರಿಗಿಲ್ಲ ಎಂದು ಶರಣರು ಎಂಟುನೂರು ವರ್ಷಗಳ ಹಿಂದೆಯೇ ತಳ್ಳಿಹಾಕಿದರು. ನಾವು ಅದನ್ನು ಭಾಷಣದಲ್ಲಿ ಹೇಳುತ್ತೇವೆ, ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಗಂಡ ಸತ್ತವಳ ಕೈಗೆ ಒಂದು ತಟ್ಟೆ ಕೊಡುವುದಕ್ಕೆ ನನ್ನ ಮನೆಯಲ್ಲಿ ಹದಿನಾಲ್ಕು ವರ್ಷ ಬೇಕಾಯಿತು. ನಿಮ್ಮ ಮನೆಗಳಲ್ಲಿ ಎಷ್ಟು ವರ್ಷವಾಯಿತೋ, ಇನ್ನೂ ಆಗಬೇಕಿದೆಯೋ, ನೀವೇ ನೋಡಿಕೊಳ್ಳಿ.

ಇಲ್ಲಿ ರೇಷ್ಮೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ಶಿಡ್ಲಘಟ್ಟ ಗೂಡಿನ ಊರು. ಹುಳುವಿಗೆ ಹಬ್ಬ ಗೊತ್ತಿಲ್ಲ. ಚಾಕಿಯಿಂದ ಹಿಡಿದು ನಾಲ್ಕು ಜ್ವರ ದಾಟಿ ಹಣ್ಣಾಗುವವರೆಗೆ ಸುಮಾರು 25 ದಿನ, ಯುಗಾದಿಯಿರಲಿ ದೀಪಾವಳಿಯಿರಲಿ, ಹೊತ್ತು ಹೊತ್ತಿಗೆ ಸೊಪ್ಪು ಹಾಕಲೇಬೇಕು. ಹುಳುಮನೆಯ ಹತ್ತಿರ ಊದುಬತ್ತಿ, ಸಾಂಬ್ರಾಣಿ ಹೊಗೆ ಕೂಡದು, ಪಟಾಕಿಯಂತೂ ಕೂಡದೇ ಕೂಡದು. ಹಾಗಾಗಿ ಹುಳು ಸಾಕುವ ಮನೆಯ ದೀಪಾವಳಿ ತಾನಾಗಿಯೇ ಬರೀ ದೀಪದ ಹಬ್ಬ. ಮಠಗಳು ಹೇಳಿ ಹೇಳಿ ಸೋತದ್ದನ್ನು ಹುಳು ಸಾಧಿಸಿದೆ.

ಚಂದ್ರಿಕೆಯಿಂದ ಬಿಡಿಸಿದ ಗೂಡು ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿಂದ ರೀಲರ್ ಮನೆಗೆ. ನಮ್ಮೂರಿನ ರೀಲರುಗಳಲ್ಲಿ ಬಹುಪಾಲು ಮುಸಲ್ಮಾನರು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಎಳೆ ಹುಡುಕಿ, ನೂಲು ಬಿಚ್ಚುವ ಹೆಣ್ಣುಮಕ್ಕಳ ಬೆರಳುಗಳನ್ನು ನೀವು ನೋಡಬೇಕು. ಬಿಸಿನೀರಿನಲ್ಲಿ ನೆನೆದು ನೆನೆದು ಚರ್ಮ ಬೆಳ್ಳಗೆ ಸುಲಿದಿರುತ್ತದೆ. ನಮ್ಮತ್ತೆಯ ಬೆರಳು ನೆನಪಾಗುತ್ತದೆ ನನಗೆ. ಆ ನೂಲು ನೇಕಾರರ ಮಗ್ಗಕ್ಕೆ ಹೋಗಿ ಸೀರೆಯಾಗಿ ಬಂದ ಮೇಲೆ ಅದಕ್ಕೆ ಏನೆಂದು ಹೆಸರು? ಮಡಿ. ಹಬ್ಬದ ದಿನ ಮಡಿಯುಟ್ಟವರನ್ನು ಯಾರೂ ಮುಟ್ಟಬಾರದು. ಹುಳು ಸತ್ತ ನೀರಿನಿಂದ ಎದ್ದು, ಇಷ್ಟು ಜಾತಿಯವರ ಕೈ ದಾಟಿ ಬಂದ ಬಟ್ಟೆ ಮಡಿಯಾಗುವುದಾದರೆ, ಆ ಕೈಗಳು ಹೊಸ್ತಿಲ ಹೊರಗೆ ಏಕೆ ನಿಲ್ಲಬೇಕು? ಜಗಳಕ್ಕೆ ಕೇಳುತ್ತಿಲ್ಲ. ನನ್ನ ಪೆಟ್ಟಿಗೆಯಲ್ಲೂ ರೇಷ್ಮೆ ಸೀರೆಗಳಿವೆ, ಇವತ್ತು ಉಟ್ಟಿದ್ದೂ ಅದೇ. ನಮ್ಮ ಗೂಡು ಕೊಳ್ಳುವ ರೀಲರ್ ಮನೆಗೆ ಸಂಕ್ರಾಂತಿಗೆ ಅವರೆಕಾಯಿ, ಎಳ್ಳು ಹೋಗುತ್ತದೆ. ರಂಜಾನಿಗೆ ಅವರ ಮನೆಯಿಂದ ಖರ್ಜೂರ, ಶಾವಿಗೆ ಪಾಯಸ ಬರುತ್ತದೆ. ಗೂಡಿನ ರೇಟಿಗೆ ಜಗಳವಾಡಿದ ವಾರವೂ ಇದು ನಿಂತಿಲ್ಲ.

ಹಬ್ಬವೆಂದರೆ ಹಿಂದಿನವರು ಮಾಡಿಟ್ಟದ್ದು, ನಾವು ಮುಟ್ಟಬಾರದು ಎಂದು ಭಾವಿಸುವವರಿಗೆ ಎರಡು ಸಂಗತಿ ಹೇಳುತ್ತೇನೆ. ಬಸವ ಜಯಂತಿ ಇವತ್ತು ನಾಡಿಗೆಲ್ಲ ದೊಡ್ಡ ಹಬ್ಬ. ಅದನ್ನು ಸಾರ್ವಜನಿಕವಾಗಿ ಆಚರಿಸಲು ತೊಡಗಿದ್ದು 1913ರಲ್ಲಿ, ದಾವಣಗೆರೆಯಲ್ಲಿ, ಹರ್ಡೇಕರ್ ಮಂಜಪ್ಪನವರು ಮತ್ತು ಮೃತ್ಯುಂಜಯ ಅಪ್ಪಗಳು. ಅಂದರೆ ನನ್ನ ಅಜ್ಜಿಯ ಕಾಲದಲ್ಲಿ ಅದೂ ಹೊಸದೇ.

ಇನ್ನೊಂದು ನಮ್ಮ ಜಿಲ್ಲೆಯದೇ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ಅಲ್ಲಿ ಸಾವಿರಾರು ನಾಗರಕಲ್ಲುಗಳಿವೆ. ಮಕ್ಕಳಾಗಲಿ ಎಂದು ಹರಕೆ ಹೊತ್ತ ಹೆಣ್ಣುಮಕ್ಕಳು ತಲೆಮಾರುಗಳಿಂದ ನಿಲ್ಲಿಸಿದವು. ಒಂದೊಂದು ಕಲ್ಲಿನ ಹಿಂದೆಯೂ ಒಬ್ಬಳು 'ಬಂಜೆ' ಎನಿಸಿಕೊಂಡು ಅತ್ತಿರುವಳಲ್ಲ, ಅದಕ್ಕೇ ಆ ಕಲ್ಲುಗಳನ್ನು ನೋಡಿದಾಗ ನನಗೆ ನಗು ಬರುವುದಿಲ್ಲ. ಅದೇ ಊರಿನಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅದೇ ತಿಂಗಳು ಮದ್ದೂರಿನ ಬಳಿ ಶಿವಪುರದಲ್ಲಿ ಧ್ವಜ ಏರಿತ್ತು. ಇಲ್ಲಿ ಏರಿಸಹೊರಟವರು ಹಳ್ಳಿಯ ರೈತರು, ಸತ್ತವರೂ ಅವರೇ. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಮಾತಾಡಿ ಒಪ್ಪಂದವಾಯಿತು. ನಾನು ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಕಲ್ಲುಗಳ ಸುತ್ತ ಜನ, ಹುತಾತ್ಮರ ಸ್ಮಾರಕದ ಮುಂದೆ ನಾವಷ್ಟೇ. ಪರಂಪರೆಯನ್ನು ಮಕ್ಕಳಿಗೆ ದಾಟಿಸಬೇಕು ಅನ್ನುತ್ತೇವಲ್ಲ, ಒಂದೇ ಊರಲ್ಲಿರುವ ಈ ಎರಡರಲ್ಲಿ ಯಾವುದನ್ನು ದಾಟಿಸುತ್ತಿದ್ದೇವೆ? ನಾಗರಪಂಚಮಿಗೆ ಕಲ್ಲಿಗೆ ಎರೆಯುವ ಹಾಲನ್ನು ಮಕ್ಕಳಿಗೆ ಕುಡಿಸುವ ಪದ್ಧತಿಯನ್ನು ಎಷ್ಟೋ ಕಡೆ ನಮ್ಮವರು ಈಗಾಗಲೇ ಮಾಡುತ್ತಿದ್ದಾರೆ. ಹಾಲಿನ ಜಿಲ್ಲೆ ನಮ್ಮದು, ನಮಗೇನು ಕಷ್ಟ?

ಜಾತ್ರೆಯ ಬಗ್ಗೆ ಒಂದು ಮಾತು. ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ತೇರಿಗೆ ನಮ್ಮವರು ಹೋಗಬೇಕೋ ಬೇಡವೋ ಎಂದು ಹುಡುಗರು ಚರ್ಚೆ ಮಾಡುತ್ತಾರೆ. ಚರ್ಚೆ ಮಾಡಲಿ, ಒಳ್ಳೆಯದೇ. ನಮ್ಮ ತಂದೆ ತೇರು ಎಳೆದವರಲ್ಲ. ಆದರೆ ಬಿಸಿಲಿನಲ್ಲಿ ನಡೆದು ಬರುವವರಿಗೆಂದು ದಾರಿಯಲ್ಲಿ ಅರವಟ್ಟಿಗೆ ಇಟ್ಟು, ಬೆಳಗಿನಿಂದ ಸಂಜೆಯವರೆಗೆ ಮಜ್ಜಿಗೆ, ಪಾನಕ ಕೊಡುತ್ತಿದ್ದರು. ಲೋಟ ಎಲ್ಲರಿಗೂ ಒಂದೇ. ಅದಕ್ಕೆಂದು ಮಾತು ಕೇಳಿದ್ದೂ ಉಂಟು. ಮಜ್ಜಿಗೆ ಸಾಲದೆ ಬಂದ ವರ್ಷ ಮಾತ್ರ ಅವರು ಬೇಸರ ಮಾಡಿಕೊಂಡದ್ದನ್ನು ನೋಡಿದ್ದೇನೆ.

ನನ್ನ ಮಾತು ಉದ್ದವಾಯಿತು. ಕೇಳಬೇಕಾದ್ದನ್ನು ಕೇಳಿ ಮುಗಿಸುತ್ತೇನೆ. ಈ ಸಂಕ್ರಾಂತಿಗೆ ನಮ್ಮೂರಲ್ಲಿ ನಾವು ನಾಲ್ಕು ಮನೆಯವರು ಸೇರಿ ಎಳ್ಳು ಮಾಡುತ್ತಿದ್ದೇವೆ. ಸಂಜೆ ಮೊದಲ ತಟ್ಟೆ ಹಿಡಿಯುವವರು ಗಂಡನನ್ನು ಕಳೆದುಕೊಂಡ ತಾಯಂದಿರು. ಅವರು ಮೊದಲು ಹೋಗುವುದು ಕೇರಿಗೆ, ಆಮೇಲೆ ರೀಲರ್ ಬೀದಿಗೆ, ಆಮೇಲೆ ಮಿಕ್ಕ ಮನೆಗಳಿಗೆ. ಐವರು ಒಪ್ಪಿದ್ದಾರೆ. ಒಬ್ಬರು ಇನ್ನೂ ಅಂಜುತ್ತಿದ್ದಾರೆ. ಅವರನ್ನು ಒತ್ತಾಯ ಮಾಡುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತೇವೆ. ನಿಮ್ಮ ಊರುಗಳಲ್ಲೂ ಆಗುವುದಾದರೆ ನನಗೆ ಹೇಳಿ, ಬಂದು ಸೇರಿಕೊಳ್ಳುತ್ತೇನೆ. ನಮ್ಮಲ್ಲಿಗೆ ಬರುವವರು ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಬನ್ನಿ. ಎಳ್ಳು, ಬೆಲ್ಲ ತಂದಾಗಿದೆ. ಕೊಬ್ಬರಿ ಹೆಚ್ಚುವುದಕ್ಕೆ ಕೈ ಸಾಲದು, ಬರುವಾಗ ಒಂದೊಂದು ಚೂರಿ ತನ್ನಿ.